ಉಂಡ ಮನೆಯ ಜಂತಿ

ಉಂಡ ಮನೆಯ ಜಂತಿ ಎಣಿಸಬಾರದೆಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಊಟಕ್ಕೆ ಕರೆದವನ ಪಡಸಾಲೆಯಲ್ಲಿ ಕುಳಿತು, ಕೈ ಎಲೆಯ ಮೇಲಿರುವಾಗಲೇ ಕಣ್ಣನ್ನು ಮಾಳಿಗೆಗೆ ಹಚ್ಚಿ, ಜಂತಿ ಎಷ್ಟು, ತೊಲೆ ಸಾಗವಾನಿಯದೋ ಬೇವಿನದೋ ಎಂದು ಲೆಕ್ಕ ಹಾಕುವವನನ್ನು ಯಾವ ಕಾಲಕ್ಕೂ ಯಾರೂ ಮೆಚ್ಚಲಿಲ್ಲ. ಗಾದೆ ಸರಿಯಾದದ್ದೇ. ಆದರೆ ಈ ಗಾದೆಯನ್ನು ಈಗ ಪಂಚಾಯತಿಯ ಇಲೆಕ್ಷನ್ನಿಗೂ ಹಚ್ಚುತ್ತಾರೆ. ನನ್ನ ತಕರಾರು ಸುರುವಾಗುವದು ಅಲ್ಲಿಂದ.

2020ರ ಡಿಸೆಂಬರದಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳ ಚುನಾವಣೆ ನಡೆದವು. ಎಣಿಕೆ ಮುಗಿದ ಕೆಲವು ದಿವಸಗಳ ಮೇಲೆ, ರಾಣೆಬೆನ್ನೂರು ತಾಲೂಕಿನ ಹಲಗೇರಿ ಕಡೆಯ ಊರೊಂದರಲ್ಲಿ, ಸೋತ ಉಮೇದುವಾರನ ಕಡೆಯವರು ಒಬ್ಬ ಹೆಣ್ಣುಮಗಳ ಮೇಲೆ ಸಿಟ್ಟು ಕಾರುತ್ತಿದ್ದುದನ್ನು ಕೇಳಿದೆ. ಆಕೆ ಗಂಡನಿಲ್ಲದವಳು, ಹಂಗಾಮಿನಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತುಂಬು ಬಿಡಿಸಿ ಹೊಟ್ಟೆ ಹೊರೆಯುವವಳು. ಹಿಂದಿನ ಅವಧಿಯಲ್ಲಿ ಆಕೆಗೆ ಸರಕಾರದ ಮನೆಯೊಂದು ಮಂಜೂರಾಗಿತ್ತು. “ಆಕಿಗೆ ಮನಿ ಹಾಕಿಸಿಕೊಟ್ಟವ ಯಾರು? ಯಾದಿಯೊಳಗ ಹೆಸರು ಬರಲಿ ಅಂತ ತಾಲೂಕಿಗೆ ಅಡ್ಡಾಡಿದವ ಯಾರು? ಈಗ ನೋಡ್ರಿ, ಉಂಡ ಮನಿ ಜಂತಿ ಎಣಿಸಿದ್ಲು!” ಮತ ಗುಪ್ತವಾದದ್ದು, ಆಕೆ ಯಾರಿಗೆ ಹಾಕಿದಳೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳುವದು ವ್ಯರ್ಥ. ಪಂಚಾಯತಿಯ ವಾರ್ಡು ಎಷ್ಟು ಸಣ್ಣದೆಂದರೆ, ಹತ್ತು ಮತ ಆಚೆಗೆ ಹೋದರೆ ಅವು ಯಾವ ಓಣಿಯಿಂದ ಹೋದವೆಂಬುದನ್ನು ಬೆರಳ ಮೇಲೆ ಎಣಿಸುತ್ತಾರೆ.

ಆಕೆ ನಿಜಕ್ಕೂ ಬೇರೆಯವನಿಗೆ ಮತ ಹಾಕಿದ್ದಳೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಆಕೆ ಕೃತಘ್ನಳೇ?

ಕೇಳಿದೊಡನೆ ಇಲ್ಲ ಎಂದು ಹೇಳಿಬಿಡುವದು ಪಟ್ಟಣದವರಿಗೆ ಸುಲಭ. ಕಾಯಿದೆಯ ಪುಸ್ತಕ ಅವರ ಕೈಯಲ್ಲಿರುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ಉಪ್ಪು ತಿಂದ ಋಣ, ನೀರು ಕೊಟ್ಟ ಋಣ, ಹೆಣ ಹೊತ್ತ ಋಣ — ಇವುಗಳ ಮೇಲೆಯೇ ಊರು ನಿಂತಿದೆ. ಮಳೆಗಾಲದ ರಾತ್ರಿಯಲ್ಲಿ ಬಾಣಂತಿಯನ್ನು ತನ್ನ ಗಾಡಿಯಲ್ಲಿ ಒಯ್ದು ದವಾಖಾನೆ ಮುಟ್ಟಿಸಿದವನನ್ನು ಮರೆತವನು ಮನುಷ್ಯನೇ ಅಲ್ಲ. ಆದುದರಿಂದ ಋಣವೆಂಬ ಭಾವನೆಯೇ ಹಳೆಯ ಕಾಲದ ಕೊಳೆಯೆಂದು ಬಿಸಾಡುವವರ ಪಂಗಡದಲ್ಲಿ ನಾನಿಲ್ಲ. ನನ್ನ ಪ್ರಶ್ನೆ ಬೇರೆ: ಈ ಮನೆಯ ಋಣ ಯಾರಿಗೆ ಸಲ್ಲತಕ್ಕದ್ದು?

ಮನೆ ಬರುವ ದಾರಿಯನ್ನು ಒಮ್ಮೆ ನೋಡಬೇಕು. “ಮನಿ ಬಂತು” ಎಂದೇ ನಮ್ಮವರು ಹೇಳುತ್ತಾರೆ, ಅದು ತಾನೇ ನಡೆದುಕೊಂಡು ಬಂದ ಹಾಗೆ. ಬಡವರ ಮನೆಗೆಂದು ಕೇಂದ್ರ ಸರಕಾರ 1985ರಲ್ಲಿ ಇಂದಿರಾ ಆವಾಸ ಯೋಜನೆಯನ್ನು ತೆಗೆಯಿತು. 2016ರಿಂದ ಅದೇ ಪ್ರಧಾನಮಂತ್ರಿ ಆವಾಸ ಯೋಜನೆಯಾಯಿತು. ಇದರಲ್ಲಿ ಬಯಲು ಸೀಮೆಯ ಒಂದು ಮನೆಗೆ 1,20,000 ರೂಪಾಯಿ. ನೂರರಲ್ಲಿ 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ರಾಜ್ಯದ ಆಶ್ರಯ, ಬಸವ ವಸತಿ ಮೊದಲಾದವು ಬೇರೆ. ಅವನ್ನು ನೋಡಿಕೊಳ್ಳಲು 2000ದಲ್ಲಿ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಪಂಚಾಯತಿಗೆ ಇಷ್ಟು ಮನೆಯೆಂದು ಮೇಲಿನಿಂದ ಸಂಖ್ಯೆ ಬರುತ್ತದೆ. ಯಾರಿಗೆ ಎಂಬುದನ್ನು ಗ್ರಾಮಸಭೆ ಆರಿಸಬೇಕು. ತಳಪಾಯ ಆದಾಗ ಒಂದು ಫೋಟೋ, ಲಿಂಟಲ್ ಆದಾಗ ಒಂದು, ಛಾವಣಿಗೆ ಒಂದು. ಫೋಟೋ ಹೋದಂತೆ ಹಣದ ಕಂತು ಹೆಂಗಸಿನ ಬ್ಯಾಂಕಿನ ಖಾತೆಗೆ ಬರುತ್ತದೆ. ಈ ಇಡೀ ದಾರಿಯಲ್ಲಿ ಮೆಂಬರನ ಗಂಟಿನ ಒಂದು ರೂಪಾಯಿಯೂ ಇಲ್ಲ. ಅವನ ಕೈಯಲ್ಲಿರುವದು ಒಂದೇ: ಯಾದಿಯಲ್ಲಿ ಹೆಸರು ಮೇಲೆ ಬರುವದೋ ಕೆಳಗೆ ಹೋಗುವದೋ ಎಂಬುದು. ಅದೂ ಕಾಯಿದೆಯ ಪ್ರಕಾರ ಅವನ ಕೈಯಲ್ಲಿರಬಾರದು.

ಆದರೂ ಋಣ ಅವನಿಗೇ ಅಂಟುತ್ತದೆ. ಯಾಕೆ? ದಿಲ್ಲಿಯ ಖಜಾನೆಗೆ ಮುಖವಿಲ್ಲ. ನಿಗಮಕ್ಕೆ ಹೆಸರಿದೆ, ಮೋರೆಯಿಲ್ಲ. ಆಕೆ ಬೆಂಕಿಪೆಟ್ಟಿಗೆ ಕೊಂಡಾಗ, ಸಾಬೂನು ಕೊಂಡಾಗ ತಾನು ಕೊಟ್ಟ ತೆರಿಗೆಯ ಕಾಸೂ ಆ ಖಜಾನೆಯಲ್ಲಿದೆ ಎಂಬುದು ಆಕೆಗೆ ಕಾಣುವದಿಲ್ಲ. ಕಾಣುವದು ಬಾಗಿಲಿಗೆ ಬಂದು, “ಯಕ್ಕಾ, ಈ ಸಲ ನಿನ್ನ ಹೆಸರು ಹಾಕಿಸೇನಿ” ಎಂದ ಮನುಷ್ಯ. ಕೃತಜ್ಞತೆಗೆ ದೂರದ ದೃಷ್ಟಿ ಇಲ್ಲ. ಅದು ಯಾವಾಗಲೂ ಹತ್ತಿರದ ಕೈಯನ್ನೇ ಹಿಡಿಯುತ್ತದೆ. ಹತ್ತಿರದ ಕೈಗೆ ಇದು ಗೊತ್ತು.

ಇಲ್ಲಿ ಒಂದು ಆಕ್ಷೇಪವನ್ನು ಬಗೆಹರಿಸಲೇಬೇಕು. ಎಲ್ಲ ಮೆಂಬರರೂ ಹಾಗಲ್ಲ. ತಲಾಠಿಯ ಹತ್ತಿರ, ತಾಲೂಕು ಪಂಚಾಯತಿಯಲ್ಲಿ, ಬ್ಯಾಂಕಿನಲ್ಲಿ ದಿನಗಟ್ಟಲೆ ನಿಂತು, ಬಸ್ಸಿನ ಖರ್ಚನ್ನು ತಾನೇ ಹಾಕಿಕೊಂಡು, ಉತಾರ ತೆಗೆಸಿ, ಆಧಾರದ ಹೆಸರಿನಲ್ಲಿ ಬಿದ್ದ ಒಂದು ಅಕ್ಷರದ ತಪ್ಪನ್ನು ತಿದ್ದಿಸಿ, ಓದು ಬಾರದ ಹೆಂಗಸಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದ ಮೆಂಬರರನ್ನು ನಾನು ಬಲ್ಲೆ. ಆ ಶ್ರಮಕ್ಕೆ ಋಣವಿಲ್ಲವೇ? ಇದೆ. ಗೃಹಪ್ರವೇಶಕ್ಕೆ ಕರೆಯಲಿ, ಮೊದಲ ಪಂಕ್ತಿಯಲ್ಲಿ ಕೂಡಿಸಿ ಹೋಳಿಗೆ ಬಡಿಸಲಿ, ಅವನ ಮಗಳ ಮದುವೆಗೆ ಹೋಗಿ ಎರಡು ದಿನ ರೊಟ್ಟಿ ಬಡಿಯಲಿ. ಉಪಕಾರವನ್ನು ಉಪಕಾರದಿಂದ ತೀರಿಸಬಹುದು. ಮತದಿಂದ ತೀರಿಸಬಹುದೇ ಎಂಬುದೇ ವಿಚಾರ.

ಪ್ರೇಮಚಂದರು 1916ರಲ್ಲಿ ಬರೆದ ‘ಪಂಚ ಪರಮೇಶ್ವರ’ ಕಥೆಯನ್ನು ಬಹಳ ಜನ ಶಾಲೆಯಲ್ಲಿ ಓದಿರುತ್ತಾರೆ. ಜುಮ್ಮನ ಶೇಖ, ಅಲಗೂ ಚೌಧರಿ ಜೀವದ ಗೆಳೆಯರು. ಜುಮ್ಮನನ ಮೇಲೆ ಅವನ ಚಿಕ್ಕಮ್ಮ ನ್ಯಾಯ ಕೇಳಿದಾಗ ಪಂಚನಾಗಿ ಕುಳಿತ ಅಲಗೂ ಗೆಳೆಯನ ವಿರುದ್ಧವೇ ತೀರ್ಪು ಕೊಡುತ್ತಾನೆ. ಗೆಳೆತನದ ಋಣ ಅವನ ಮೇಲೆ ಇರಲಿಲ್ಲವೆಂದಲ್ಲ. ಕಟ್ಟೆಯ ಮೇಲೆ ಕುಳಿತ ಗಳಿಗೆಯಲ್ಲಿ ಆ ನಾಲಿಗೆ ಅವನದಾಗಿರಲಿಲ್ಲ, ಅಷ್ಟೇ. ಮತದ ಪೆಟ್ಟಿಗೆಯ ಮುಂದೆ, ಆ ರಟ್ಟಿನ ಮರೆಯಲ್ಲಿ ಒಂದು ನಿಮಿಷ ನಿಲ್ಲುವ ಕೂಲಿಯ ಹೆಣ್ಣುಮಗಳು ಆ ಒಂದು ನಿಮಿಷದ ಮಟ್ಟಿಗೆ ಪಂಚಳೇ. ಮುಂದಿನ ಐದು ವರುಷ ಊರಿನ ನೀರು, ದೀಪ, ಗಟಾರ, ಜಾಗ ಯಾರ ವಶದಲ್ಲಿರಬೇಕೆಂದು ಆಕೆ ತೀರ್ಪು ಕೊಡುತ್ತಿದ್ದಾಳೆ. ಪಂಚಳಾದವಳು ತನ್ನ ಸಾಲವನ್ನು ತೀರ್ಪಿನಿಂದ ತೀರಿಸಿದರೆ, ಆ ಸಾಲ ತೀರಿತೆಂದಲ್ಲ. ಅದನ್ನು ಊರಿನ ಮೇಲೆ ಹೊರಿಸಿದಳೆಂದು ಅರ್ಥ.

ಹಾಗಿದ್ದರೆ ಮನೆಯ ಆಸೆಗೆ ಮತ ಹಾಕುವದೂ ತಪ್ಪೇ ಎಂದು ವಾಚಕರು ಕೇಳಬಹುದು. ಅಲ್ಲ. ಬಡವರು ಮತ ಮಾರಿಕೊಂಡರು, ಪ್ಲಾಟಿಗೆ ವೋಟು ಕೊಟ್ಟರು ಎಂದು ಮೂಗು ಮುರಿಯುವವರಲ್ಲಿ ಹೆಚ್ಚಿನವರು ಸ್ವಂತ ಮನೆಯುಳ್ಳವರು. ಸೂರಿಲ್ಲದವನು ಸೂರಿಗಾಗಿ ಮತ ಹಾಕದೆ ಇನ್ನಾವುದಕ್ಕೆ ಹಾಕಬೇಕು? ಊರು ಎಲ್ಲಿ ಸೋರುತ್ತದೆಂಬುದು ಸೋರುವ ಮನೆಯವನಿಗೇ ಮೊದಲು ಗೊತ್ತು.

ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಮೊದಲನೆಯ ಮಹಾಯುದ್ಧದ ತರುವಾಯ ಕೂಲಿಕಾರರು ಮನೆಗಾಗಿಯೇ ಮತ ಹಾಕಿದರು. ಅವರು ಆರಿಸಿದ ನಗರಸಭೆ 1923ರಲ್ಲಿ ಮನೆಗಳ ಮೇಲೆ ತೆರಿಗೆ ಕೂಡಿಸಿತು. ದೊಡ್ಡ ಮನೆಗೆ ದೊಡ್ಡ ತೆರಿಗೆ. ಆ ಹಣದಿಂದ 1934ರ ಒಳಗೆ 60 ಸಾವಿರಕ್ಕೂ ಮಿಕ್ಕಿ ಬಿಡಾರಗಳನ್ನು ಕಟ್ಟಿ ಕೊಟ್ಟಿತು. ಅಂಗಳ, ಬಟ್ಟೆ ಒಗೆಯುವ ಜಾಗ, ಮಕ್ಕಳ ಶಾಲೆ ಸಹಿತ. ಅದನ್ನು ಲಂಚವೆಂದು ಯಾರೂ ಕರೆಯುವದಿಲ್ಲ. ಬಿಡಾರ ಹಂಚುವಾಗ ಯಾರ ಅಡಚಣೆ ಎಷ್ಟು ಎಂಬುದಕ್ಕೆ ಅಂಕ ಹಾಕುತ್ತಿದ್ದರು. ಹಣ ಯಾರಿಂದ ಬಂತು, ಎಲ್ಲಿ ಹೋಯಿತೆಂಬುದು ಊರಿಗೆಲ್ಲ ಗೊತ್ತಿತ್ತು. ನಮ್ಮ ಪಂಚಾಯತಿಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ, ಒಳ್ಳೆಯ ಮಾತು. ಆದರೆ ಪಕ್ಷದ ಚಿಹ್ನೆಯ ಜೊತೆಗೆ ಧೋರಣೆಯೂ ಹೊರಗೇ ಉಳಿದುಬಿಟ್ಟಿತು. ಇಂಥ ಕಡೆ ಜಾಗ ಕೊಳ್ಳುತ್ತೇವೆ, ಇಷ್ಟು ಮನೆ, ಈ ಕ್ರಮದಲ್ಲಿ ಎಂದು ಹೇಳಿ ಮತ ಕೇಳಿದ ಉಮೇದುವಾರನನ್ನು ನಾನು ನಮ್ಮ ಕಡೆಗೆ ಕಂಡಿಲ್ಲ. “ನಿನಗೆ ಒಂದು ಮನೆ” ಎಂದು ಒಬ್ಬೊಬ್ಬರ ಕಿವಿಯಲ್ಲಿ ಹೇಳುವವರೇ ಎಲ್ಲರೂ. ಕಿವಿಯಲ್ಲಿ ಹೇಳಿದ ಮಾತಿಗೆ ಲೆಕ್ಕ ಕೇಳುವದು ಹೇಗೆ?

ಲೆಕ್ಕದ ಮಾತು ಬಂತು. ಕಾಂಚಿಯ ಸಮೀಪದ ಉತ್ತರಮೇರೂರಿನ ಗೋಡೆಯ ಮೇಲೆ ಚೋಳ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರ ಸಭೆಯ ಸಮಿತಿಗಳಿಗೆ ಜನರನ್ನು ಆರಿಸುವ ಕ್ರಮ ಅದರಲ್ಲಿದೆ. ಹೆಸರುಗಳನ್ನು ಓಲೆಯ ಮೇಲೆ ಬರೆದು ಗಡಿಗೆಯಲ್ಲಿ ಹಾಕಿ, ಏನೂ ಅರಿಯದ ಒಬ್ಬ ಹುಡುಗನಿಂದ ಎತ್ತಿಸಬೇಕು. ಆದರೆ ಗಡಿಗೆಯೊಳಗೆ ಹೆಸರು ಬೀಳಬೇಕಾದರೆ ಕರ ಕೊಡುವ ಭೂಮಿ ಇರಬೇಕು, ಸ್ವಂತ ಜಾಗದಲ್ಲಿ ಕಟ್ಟಿದ ಮನೆ ಇರಬೇಕು. ಅದು ಬ್ರಾಹ್ಮಣರ ಅಗ್ರಹಾರ. ಉಳಿದವರ ಮಾತೇ ಇಲ್ಲ. ಇಷ್ಟು ದೂರವೇಕೆ? ಹಲಗೇರಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1937ರಲ್ಲಿ ನಡೆದ ಚುನಾವಣೆಯಲ್ಲಿಯೂ ಮತದ ಹಕ್ಕಿಗೆ ಕಂದಾಯ, ಬಾಡಿಗೆ, ವಿದ್ಯೆಗಳ ಅಳತೆಗೋಲು ಇತ್ತು. ಮನೆ-ಹೊಲ ಇದ್ದವನಿಗೆ ಮತ. 1952ರ ಹೊತ್ತಿಗೆ ಅದು ತಿರುಗಿ, ಗುಡಿಸಲಿನವನಿಗೂ ಅರಮನೆಯವನಿಗೂ ಒಂದೊಂದೇ ಮತವಾಯಿತು. ಅಲ್ಲಿಂದ ಮುಂದೆ ಮತವಿದ್ದವನು ಮನೆ ಕೇಳತೊಡಗಿದ. ಇದು ದೊಡ್ಡ ಮಾತು. ಸಾವಿರ ವರುಷದ ತರುವಾಯ ಗಡಿಗೆ ಬೋರಲಾದ ಹಾಗೆ.

ಉತ್ತರಮೇರೂರಿನ ಆ ಶಾಸನದಲ್ಲಿ ಮಾತ್ರ ನಾವು ಕೈಬಿಟ್ಟ ಒಂದು ಕಟ್ಟಳೆಯಿದೆ. ಮೊದಲು ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಗಡಿಗೆಗೆ ಬೀಳುವಂತಿಲ್ಲ; ಅವನಷ್ಟೇ ಅಲ್ಲ, ಅವನ ಹತ್ತಿರದ ಬಂಧುಗಳ ಹೆಸರೂ ಬೀಳುವಂತಿಲ್ಲ. ಜಂತಿ ಎಣಿಸುವದನ್ನು ಅವರು ಕೃತಘ್ನತೆಯೆಂದು ತಿಳಿದಿರಲಿಲ್ಲ.

ಚೀಟಿ ಎತ್ತುವ ಪದ್ಧತಿ ನಮ್ಮಲ್ಲಿಯೂ ಉಂಟು. ಬೇಡುವವರು ಹೆಚ್ಚು, ಮನೆ ಕಡಿಮೆ ಆದಾಗ ಕೆಲವು ಊರುಗಳಲ್ಲಿ ಮಗುವಿನ ಕೈಯಿಂದ ಚೀಟಿ ಎತ್ತಿಸುತ್ತಾರೆ. ಬುದ್ಧಿವಂತರು ಇದನ್ನು ನಗುತ್ತಾರೆ. ನನಗೆ ಇದರಲ್ಲಿ ಒಂದು ಘನತೆ ಕಾಣುತ್ತದೆ. ಚೀಟಿಯಿಂದ ಮನೆ ಪಡೆದವಳು ಯಾವ ಮನುಷ್ಯನ ಮುಂದೆಯೂ ತಲೆ ಬಾಗಿಸಬೇಕಾದ್ದಿಲ್ಲ. ಮತ್ತೆ, ಗ್ರಾಮಸಭೆಯಲ್ಲಿ ಎದ್ದು ನಿಂತು “ನಾ ಭಾಳ ಬಡವಿ” ಎಂದು ನೆರೆಹೊರೆಯವರೆದುರು ಸಿದ್ಧ ಮಾಡಿ ತೋರಿಸುವದು ಎಂಥ ಕಷ್ಟವೆಂಬುದು ಎದ್ದು ನಿಂತವರಿಗೇ ಗೊತ್ತು. ಗಟ್ಟಿ ಗಂಟಲಿನವಳಿಗೆ ಮನೆ ಬರುತ್ತದೆ. ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಕುಳಿತವಳಿಗೆ ಬರುವದಿಲ್ಲ. ಆದರೆ ಚೀಟಿಗೆ ಕಣ್ಣಿಲ್ಲವೆಂಬುದೂ ನಿಜ. ಮಗನಿಗೆ ಬೇರೆ ಮನೆ ಬೇಕೆಂಬುವನನ್ನೂ, ಜೋಪಡಿಯಲ್ಲಿ ಹಾವಿನ ಜೊತೆ ಮಲಗುವವನನ್ನೂ ಅದು ಒಂದೇ ಎಂದು ತಿಳಿಯುತ್ತದೆ. ಕಂಪ್ಯೂಟರಿನ ನಿಯಮಕ್ಕೆ ಕಣ್ಣಿದೆ, ವಿವೇಕವಿಲ್ಲ: ಪ್ರಧಾನಮಂತ್ರಿ ಆವಾಸದ ಮೊದಲಿನ ನಿಯಮಗಳಲ್ಲಿ ಮೋಟಾರಿನ ದ್ವಿಚಕ್ರ ವಾಹನ ಇದ್ದವನು ಬಡವನಲ್ಲವೆಂದು ಬರೆದಿತ್ತು. ಕೂಲಿಗೆ ಹೋಗಲೆಂದೇ ಹಳೆಯ ಲೂನಾ ಇಟ್ಟುಕೊಂಡವನು ಆ ಲೂನಾದ ದೆಸೆಯಿಂದ ಶ್ರೀಮಂತನಾದ. ಆದಕಾರಣ ಮೊದಲು ಬರೆದ ನಿಯಮ, ಅದರ ಮೇಲೆ ಸಭೆಯ ವಿಚಾರಣೆ, ಸಮಸಮ ನಿಂತವರ ನಡುವೆ ಮಾತ್ರ ಚೀಟಿ — ಈ ಕ್ರಮ ನನಗೆ ನ್ಯಾಯವಾಗಿ ಕಾಣುತ್ತದೆ. ಇದರಲ್ಲಿ ಮೆಂಬರನಿಗೆ ಕೊಡುವ ಕೆಲಸವಿಲ್ಲ, ಮಾಡುವ ಕೆಲಸ ಬಹಳವಿದೆ. ಇದು ಅವನಿಗೆ ಸೇರದಿದ್ದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಹೇಳಿದರೂ, ಋಣದ ಮನೆಯಾದರೇನು, ಹಕ್ಕಿನ ಮನೆಯಾದರೇನು, ಒಟ್ಟಿನಲ್ಲಿ ಮಳೆಗೆ ತಲೆ ಮುಚ್ಚಿತಲ್ಲ ಎನ್ನುವವರಿದ್ದಾರೆ. ಅವರು ಒಮ್ಮೆ ಯಾವುದಾದರೂ ಊರಿನ ಜನತಾ ಪ್ಲಾಟಿಗೆ ಹೋಗಿ ಬರಬೇಕು. ದೇವರಾಜ ಅರಸರ ಕಾಲದಲ್ಲಿ, 1970ರ ದಶಕದಲ್ಲಿ, ಭೂಮಿಯಿಲ್ಲದವರಿಗೆ ನಿವೇಶನ ಹಂಚಿದ್ದು ಸಣ್ಣ ಕೆಲಸವಲ್ಲ. ಒಡೆಯನ ಜಾಗದಲ್ಲಿದ್ದವನು ಮೊದಲ ಬಾರಿಗೆ ತನ್ನ ಜಾಗದಲ್ಲಿ ನಿಂತ. ಆದರೆ ಗಾಂವಠಾಣದಲ್ಲಿ ಜಾಗ ತೀರಿದಾಗ ಮುಂದಿನ ಪ್ಲಾಟುಗಳು ಎಲ್ಲಿ ಬಿದ್ದವು? ಗಾಯರಾಣದಲ್ಲಿ, ಹಳ್ಳದ ದಂಡೆಯಲ್ಲಿ, ಸುಡುಗಾಡಿನ ಮಗ್ಗುಲಲ್ಲಿ. ಊರಿನ ಕೇರಿ ಅಗಸೆಯಾಚೆಗಿತ್ತು. ಹೊಸ ಪ್ಲಾಟು ಇನ್ನೂ ಆಚೆಗೆ ಹೋಯಿತು. ಇತ್ತ ರಾಣೆಬೆನ್ನೂರಿನ ಹಲಗೇರಿ ರಸ್ತೆಯಂಥ ಕಡೆಗಳಲ್ಲಿ ಪಟ್ಟಣ ಹಳ್ಳಿಯ ಕಡೆಗೆ ಚಾಚಿಕೊಂಡು ಬರುತ್ತಿದೆ, ಹೊಲಗಳಿಗೆ ಎನ್.ಎ. ಆಗಿ ಕಲ್ಲು ನೆಟ್ಟ ಮೇಲೆ ಆ ಭೂಮಿಯ ಬೆಲೆಯನ್ನು ಪಂಚಾಯತಿ ಕೇಳುವ ಹಾಗೂ ಇಲ್ಲ. ಒಳ್ಳೆಯ ಜಾಗವನ್ನು ಹತ್ತು ವರುಷ ಮುಂಚೆ ಬಡವರಿಗೆಂದು ಕೊಂಡಿಡುವದೇ ಯೋಜನೆ. ಆದರೆ ಹತ್ತು ವರುಷದ ಮುಂದಿನವರ ಮತ ಈ ಸಲದ ಪೆಟ್ಟಿಗೆಯಲ್ಲಿರುವದಿಲ್ಲ.

ಗಾಯರಾಣದ ದನಗಳಿಗೂ ಮತವಿಲ್ಲ. ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಮುಂದೆ ದನ, ಒಳಗೆ ಜನ, ನೆಲದಡಿ ಜೋಳದ ಹಗೇವು. ಸರಕಾರದ ಮನೆಗೆ ಇರಲೇಬೇಕಾದ ಅಳತೆ ಅಡಿಗೆಯ ಜಾಗ ಹಿಡಿದು 25 ಚದರ ಮೀಟರು. ಎಮ್ಮೆಯನ್ನು ಎಲ್ಲಿ ಕಟ್ಟಬೇಕು, ಹೊಟ್ಟು ಎಲ್ಲಿ ಒಟ್ಟಬೇಕು? ಹೀಗೆ ಯಾರಾದರೂ ಕೇಳಿದರೆ ಇನ್ನೊಂದು ಗಾದೆ ತಯಾರಿದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ. ಋಣದ ಮನೆಯ ಕೇಡು ಇರುವದೇ ಇಲ್ಲಿ. ಧರ್ಮಕ್ಕೆ ಬಂದದ್ದೆಂದು ನಂಬಿದವಳು ಮೊಳ ಹಾಕುವದಿಲ್ಲ. ಮೊಳ ಹಾಕದಿದ್ದಲ್ಲಿ ಸಿಮೆಂಟು ಕಡಿಮೆ ಬೀಳುತ್ತದೆ, ಗಟಾರ ಅರ್ಧಕ್ಕೆ ನಿಲ್ಲುತ್ತದೆ, ಪ್ಲಾಟು ತಗ್ಗಿನಲ್ಲಿ ಬೀಳುತ್ತದೆ. 2019ರ ಆಗಸ್ಟಿನ ಮಳೆಗೆ ಉತ್ತರ ಕರ್ನಾಟಕದಲ್ಲಿ ಮನೆಗಳು ಸಾಲುಸಾಲಾಗಿ ಬಿದ್ದಾಗ, ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ರೂಪಾಯಿಯೆಂದು ಸಾರಿದ ಸರಕಾರ, ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲು ಅಧಿಕಾರಿಗಳನ್ನು ಕಳಿಸಿತು. ಸರಕಾರ ಬಡವರ ಜಂತಿಯನ್ನು ಒಂದೊಂದಾಗಿ ಎಣಿಸಬಹುದು. ಬಡವರು ಮಾತ್ರ ಎಣಿಸಬಾರದು!

ಒಂದು ಅಡ್ಡ ಮಾತು. ಪಂಚಾಯತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯನೆಂದು ಕಾಯಿದೆ ಹೇಳುತ್ತದೆ. ಅಂದರೆ ಸುಮಾರು ನೂರು ಮನೆಯ ಒಂದು ಪ್ಲಾಟು ತುಂಬಿದರೆ ಮುಂದಿನ ಜನಗಣತಿಯ ಮೇಲೆ ಅದು ಒಬ್ಬ ಮೆಂಬರನಷ್ಟು ತೂಗುತ್ತದೆ. ಊರಿನ ಒಳಗೆ ಹತ್ತು ಓಣಿಗಳಲ್ಲಿ ಹತ್ತು ಹತ್ತು ಮನೆಯಾಗಿ ಹಂಚಿ ಕಟ್ಟಿದರೆ ತೂಗುವದಿಲ್ಲ. ಯಾವುದು ಮೇಲು? ಒಟ್ಟಿಗಿದ್ದರೆ ಬಡವರಿಗೆ ಬಲವುಂಟು, ಆದರೆ ಊರಿನಿಂದ ಹೊರಗೆ. ಹರಡಿದ್ದರೆ ಊರಿನೊಳಗೆ ಸ್ಥಾನವುಂಟು, ಆದರೆ ಮತದ ಬಲವಿಲ್ಲ. ನಾನು ಊರಿನೊಳಗಿನ ಸ್ಥಾನದ ಕಡೆಗೇ ವಾಲುತ್ತೇನೆ. ಪ್ಲಾಟಿನವರನ್ನೇ ಕೇಳಿದರೆ ಅವರು ಬೇರೆ ಹೇಳಿಯಾರು, ಅದಕ್ಕೆ ಅವರಿಗೆ ಕಾರಣವೂ ಇದೆ.

ಕಾಯಿದೆ ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕೆನ್ನುತ್ತದೆ. ಅಂಥ ಒಂದು ಸಭೆಯಲ್ಲಿ, ಹೊಸ ಮನೆಗಳ ಹೆಸರು ಓದಿ ಮುಗಿಸಿ ಚಪ್ಪಾಳೆಯಾದ ಮೇಲೆ, ಪ್ಲಾಟಿನ ಕಡೆಯಿಂದ ಬಂದ ಒಬ್ಬ ಮುದುಕಿ ಎದ್ದು ನಿಂತದ್ದನ್ನು ನೋಡಿದ್ದೇನೆ. ತನ್ನ ಓಣಿಯ ಗಟಾರ ಎಲ್ಲಿ ಹೋಗಿ ಕೂಡುತ್ತದೆಂದು ಆಕೆ ಕೇಳಿದಳು. ವೇದಿಕೆಯ ಮೇಲಿನ ಒಬ್ಬರು ನಗುತ್ತ, “ಯವ್ವಾ, ನಿನಗ ಹ್ವಾದ ವರ್ಷನ ಮನಿ ಕೊಟ್ಟೇವಲ್ಲ?” ಎಂದರು. “ಮನಿ ಕೊಟ್ಟೀರಿ ಯಪ್ಪಾ. ಈಗ ಗಟಾರದ ಮಾತು ಕೇಳಾಕತ್ತೇನಿ” ಎಂದಳು ಆಕೆ, ಕುಳಿತುಕೊಳ್ಳದೆ. ಪಿ.ಡಿ.ಓ. ಸಾಹೇಬರು ಒಂದು ಗಳಿಗೆ ತಡೆದು, ಸಭೆಯ ಪುಸ್ತಕದಲ್ಲಿ ಗಟಾರದ ಪ್ರಶ್ನೆಯನ್ನು ಬರೆದುಕೊಂಡರು.